ಬೈಸೆಕ್ಟ್ ತೋರಿದ ಪಾಸ್‌ನಲ್ಲಿ ಬಗ್ ಇರಲಿಲ್ಲ: ಕಂಪೈಲರ್ ಒಂದರ ತಪ್ಪು ಕೋಡ್ ಬೆನ್ನು ಹತ್ತಿ

"-ಓ0 ಕೊಟ್ಟರೆ ಸರಿ, -ಓ2 ಕೊಟ್ಟರೆ ಉತ್ತರ ತಪ್ಪು." ಕಂಪೈಲರ್ ನೋಡಿಕೊಳ್ಳುವವರಿಗೆ ಬರುವ ದೂರುಗಳಲ್ಲಿ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಈ ಸಾಲು. -ಓ0 ಎಂದರೆ ಪ್ರೋಗ್ರಾಂ ಅನ್ನು ಇದ್ದಂತೆಯೇ ಯಂತ್ರದ ಕೋಡಿಗೆ ತಿರುಗಿಸು, -ಓ2 ಎಂದರೆ ವೇಗಕ್ಕಾಗಿ ಬಿಗಿ ಮಾಡಿ ತಿರುಗಿಸು. ಕಂಪೈಲರ್ ಕ್ರ್ಯಾಶ್ ಆದರೆ ಬಳಸುವವರಿಗೆ ಆ ಕ್ಷಣವೇ ಗೊತ್ತಾಗುತ್ತದೆ, ಅವರ ಕೈಗೆ ಏನೂ ಸಿಗುವುದಿಲ್ಲ, ಅಲ್ಲಿಗೆ ಮುಗಿಯಿತು. ಸರಿಯಾದ ಪ್ರೋಗ್ರಾಂ ಅನ್ನು ಒಪ್ಪದೇ ಹೋದರೂ ಅಷ್ಟೆ, ಬೇರೆ ರೀತಿ ಬರೆದುಕೊಂಡು ಮುಂದೆ ಹೋಗಬಹುದು. ತಪ್ಪು ಕೋಡ್ ಹಾಗಲ್ಲ. ಪ್ರೋಗ್ರಾಂ ಬಿಲ್ಡ್ ಆಗುತ್ತದೆ, ಓಡುತ್ತದೆ, ಯಾವುದೋ ಒಂದು ಇನ್‌ಪುಟ್‌ಗೆ ಮಾತ್ರ ಸುಳ್ಳು ಉತ್ತರ ಕೊಡುತ್ತದೆ. ಹಾಗಾಗಿ ನಮ್ಮಲ್ಲಿ ತಪ್ಪು ಕೋಡ್ ಬಗ್‌ಗಳಿಗೆ ಯಾವಾಗಲೂ ಮೊದಲ ಸರದಿ.

ನಾವು ನೋಡಿಕೊಳ್ಳುವುದು ಎಲ್‌ಎಲ್‌ವಿಎಂ (ಕಂಪೈಲರ್ ಕಟ್ಟಲು ಬಳಸುವ ಸಾಫ್ಟ್‌ವೇರ್) ಮೇಲೆ ಕಟ್ಟಿದ ಒಂದು ಸಿ ಕಂಪೈಲರ್. ಅದರ ಜೊತೆಗೆ ನಾವೇ ಬರೆದ ಕೆಲವು ಆಪ್ಟಿಮೈಸೇಶನ್ ಪಾಸ್‌ಗಳೂ, ಅಂದರೆ ಕೋಡನ್ನು ಒಂದೊಂದು ಸುತ್ತಿನಲ್ಲಿ ತಿದ್ದಿ ಬಿಗಿ ಮಾಡುವ ಹಂತಗಳೂ, ಇವೆ. ಇಲ್ಲಿ ಹೇಳುತ್ತಿರುವ ಬಗ್ ಚಿಕ್ಕದು, ಆದರೆ ಅದನ್ನು ಹಿಡಿಯುವ ದಾರಿಯಲ್ಲಿ ಇಂಥ ಕೆಲಸದ ಹೆಚ್ಚಿನ ಗುಂಡಿಗಳೆಲ್ಲ ಬರುತ್ತವೆ.

ಮೊದಲು ಕೇಳಿಕೊಳ್ಳಬೇಕಾದ್ದು: ತಪ್ಪು ನಿಜಕ್ಕೂ ಕಂಪೈಲರಿನದೇ? -ಓ2 ದಲ್ಲಿ ಮಾತ್ರ ಕೆಡುವ ಸಿ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಭಾಷೆಯ ನಿಯಮವನ್ನು ತಾವೇ ಮುರಿದಿರುತ್ತವೆ. ಸೈನ್ಡ್ ಇಂಟಿಜರ್ (ಋಣ ಬೆಲೆಯನ್ನೂ ಹಿಡಿಯಬಲ್ಲ ಪೂರ್ಣಾಂಕ) ಉಕ್ಕಿ ಹರಿಯುವುದು ಅಂದರೆ ಓವರ್‌ಫ್ಲೋ, ಅರೇಯ ಗಡಿ ದಾಟುವುದು, ಬೆಲೆ ಹಾಕದ ವೇರಿಯಬಲ್ ಓದುವುದು, ಒಂದು ಟೈಪಿನ ವಸ್ತುವನ್ನು ಇನ್ನೊಂದು ಟೈಪಿನ ಪಾಯಿಂಟರ್‌ನಿಂದ ಮುಟ್ಟುವುದು. ಇವು ನಡೆಯುವುದಿಲ್ಲ ಎಂದು ನಂಬಿಕೊಂಡೇ ಕಂಪೈಲರ್ ಕೋಡನ್ನು ಬಿಗಿ ಮಾಡುತ್ತದೆ. ಆದ್ದರಿಂದ ದೂರು ಬಂದ ಕೂಡಲೇ ಅಡ್ರೆಸ್ ಸ್ಯಾನಿಟೈಸರ್, ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಎರಡನ್ನೂ ಹಾಕಿ ಓಡಿಸುತ್ತೇವೆ. ಪ್ರೋಗ್ರಾಂ ಓಡುವಾಗಲೇ ಇಂಥ ನಿಯಮಭಂಗಗಳನ್ನು ಹಿಡಿದು ಹೇಳುವ ಸಾಧನಗಳು ಇವು. ಬೆಲೆ ಹಾಕದ ಮೆಮೊರಿಗೆ ಮೆಮೊರಿ ಸ್ಯಾನಿಟೈಸರ್ ಬೇರೆಯೇ ಬೇಕು, ಮೊದಲಿನ ಎರಡು ಅದನ್ನು ಹಿಡಿಯುವುದಿಲ್ಲ. ಟೈಪ್ ಅಲಿಯಾಸಿಂಗ್ ತಪ್ಪುಗಳನ್ನು, ಅಂದರೆ ಬೇರೆ ಟೈಪಿನ ಪಾಯಿಂಟರ್‌ನಿಂದ ಮುಟ್ಟುವುದನ್ನು, ಇವುಗಳಲ್ಲಿ ಯಾವುದೂ ಹಿಡಿಯುವುದಿಲ್ಲ. ಅದಕ್ಕೆ ಒಂದು ಅಡ್ಡದಾರಿ: -ಎಫ್‌ನೋ-ಸ್ಟ್ರಿಕ್ಟ್-ಅಲಿಯಾಸಿಂಗ್ ಹಾಕಿದಾಗ ಉತ್ತರ ಸರಿಯಾಯಿತೇ ನೋಡುವುದು. ಅದೇ ರೀತಿ, ಉಕ್ಕಿದ ಸೈನ್ಡ್ ಸಂಖ್ಯೆ ಸುತ್ತಿಕೊಳ್ಳಲಿ ಎನ್ನುವ -ಎಫ್‌ರ್ಯಾಪ್‌ವಿ ಹಾಕಿದಾಗ ಸರಿಯಾದರೆ ಸೈನ್ಡ್ ಓವರ್‌ಫ್ಲೋ ಕಡೆಗೆ ಕಣ್ಣಿಡಬೇಕು.

ನಮ್ಮ ಕೈಗೆ ಬಂದ ಪ್ರೋಗ್ರಾಂ -ಎಫ್‌ರ್ಯಾಪ್‌ವಿ ಹಾಕಿದಾಗ ಸರಿಯಾಯಿತು, ಆದರೆ ಸ್ಯಾನಿಟೈಸರ್ ಒಂದು ದೂರನ್ನೂ ಹೇಳಲಿಲ್ಲ. "-ಎಫ್‌ರ್ಯಾಪ್‌ವಿ ಹಾಕಿದರೆ ಸರಿ, ಹಾಗಾದರೆ ನಿಮ್ಮ ಪ್ರೋಗ್ರಾಂ ತಪ್ಪು" ಎಂದು ದೂರನ್ನು ಮುಚ್ಚಿಬಿಡುವುದು ಬಹಳ ಸುಲಭ. ಹಾಗೆ ಮಾಡಬಾರದು. ಆ ಆಯ್ಕೆ ಓವರ್‌ಫ್ಲೋ ಬಗ್ಗೆ ಕಂಪೈಲರ್ ಇಟ್ಟುಕೊಳ್ಳುವ ನಂಬಿಕೆಯನ್ನೇ ತೆಗೆದುಹಾಕುತ್ತದೆ. ಆ ನಂಬಿಕೆಯನ್ನು ಕಂಪೈಲರ್ ತಪ್ಪು ಜಾಗದಲ್ಲಿ ಬಳಸಿದ್ದರೂ ಉತ್ತರ ಸರಿಹೋಗುತ್ತದೆ.

ಮುಂದಿನದು ಸಾಮಗ್ರಿ ಕೂಡಿಸುವುದು. ಕಂಪೈಲರಿನ ಸರಿಯಾದ ಆವೃತ್ತಿ, ಪೂರ್ತಿ ಕಮಾಂಡ್ ಸಾಲು, ಮತ್ತು -ಇ ಹಾಕಿ ತೆಗೆದ ಪ್ರೀಪ್ರೊಸೆಸ್ ಆದ (ಹೆಡರ್‌ಗಳೆಲ್ಲ ಒಳಗೇ ಸೇರಿದ) ಫೈಲ್. ಮೂಲ ಫೈಲ್ ಮಾತ್ರ ಕಳಿಸಿದರೆ ನಮ್ಮ ಯಂತ್ರದ ಹೆಡರ್‌ಗಳು ಬೇರೆಯಾಗಿರುತ್ತವೆ, ಬಗ್ ಕಾಣುವುದೇ ಇಲ್ಲ. ಕಮಾಂಡಿನಲ್ಲಿ -ಮಾರ್ಚ್=ನೇಟಿವ್ ಇದ್ದರೆ ಅದು ಆ ಯಂತ್ರದಲ್ಲಿ ಯಾವ ಪ್ರೊಸೆಸರ್ ಆಗಿ ಬಿಡಿಸಿಕೊಂಡಿತು ಎಂದು ತಿಳಿಯಲು -ವಿ ಹಾಕಿದ ಔಟ್‌ಪುಟ್ ಬೇಕು. ಇಷ್ಟು ಸಿಕ್ಕಿದರೆ ನಮ್ಮ ಕಡೆಯೂ ಅದೇ ತಪ್ಪು ಮೂಡುತ್ತದೆ. ಇದೇ ಹಂತದಲ್ಲಿ ಅಸರ್ಷನ್‌ಗಳನ್ನು (ಕಂಪೈಲರ್ ತನ್ನೊಳಗೇ ಮಾಡಿಕೊಳ್ಳುವ ತಪಾಸಣೆಗಳನ್ನು) ಹಚ್ಚಿ ಬಿಲ್ಡ್ ಮಾಡಿದ ಕಂಪೈಲರ್‌ನಲ್ಲೂ ಓಡಿಸಿ ನೋಡುತ್ತೇವೆ. ಬಿಡುಗಡೆಯಾದ ಬೈನರಿಗಳಲ್ಲಿ ವೇಗಕ್ಕಾಗಿ ಅಸರ್ಷನ್‌ಗಳನ್ನು ತೆಗೆದಿರುತ್ತಾರೆ. ಎಷ್ಟೋ ಸಲ ತಪ್ಪು ಕೋಡ್ ಎಂದು ಬಂದ ದೂರು ಅಸರ್ಷನ್ ಇರುವ ಬಿಲ್ಡ್‌ನಲ್ಲಿ ನೇರ ಕ್ರ್ಯಾಶ್ ಆಗಿ, ಯಾವ ಫಂಕ್ಷನ್ನಿನಲ್ಲಿ ಹದಗೆಟ್ಟಿತು ಎಂದು ತಾನೇ ಹೇಳಿಬಿಡುತ್ತದೆ. ಈ ಸಲ ಹಾಗಾಗಲಿಲ್ಲ.

ಪ್ರೀಪ್ರೊಸೆಸ್ ಆದ ಫೈಲ್ ಹತ್ತಾರು ಸಾವಿರ ಸಾಲು ಇರುತ್ತದೆ. ಅದನ್ನು ಕಿರಿದು ಮಾಡದೆ ಮುಂದೆ ಹೆಜ್ಜೆ ಇಡುವುದು ವ್ಯರ್ಥ. ಕೈಯಿಂದ ಅಳಿಸುತ್ತಾ ಕೂರುವ ಅಗತ್ಯವಿಲ್ಲ, ಯೂಟಾ ವಿಶ್ವವಿದ್ಯಾಲಯದಿಂದ ಬಂದ ಸಿ-ರೆಡ್ಯೂಸ್ ಇದೆ, ಅದರ ದಾರಿಯಲ್ಲೇ ಬಂದ ಸಿ-ವೈಸ್ ಇದೆ. ಫೈಲಿನಿಂದ ಒಂದಿಷ್ಟನ್ನು ಅಳಿಸಿ, "ಇನ್ನೂ ಬಗ್ ಇದೆಯೇ?" ಎಂದು ನಾವು ಬರೆದುಕೊಟ್ಟ ಸ್ಕ್ರಿಪ್ಟನ್ನು ಕೇಳುವುದು, ಇದ್ದರೆ ಅಳಿಸಿದ್ದನ್ನು ಉಳಿಸಿಕೊಂಡು ಮುಂದುವರಿಯುವುದು, ಇಲ್ಲದಿದ್ದರೆ ಹಿಂದಕ್ಕೆ ಹೋಗುವುದು. ಸ್ಕ್ರಿಪ್ಟ್ ಸೊನ್ನೆ ಕೊಟ್ಟರೆ ಇದೆ ಎಂದರ್ಥ. ಉಪಕರಣ ಎಷ್ಟೇ ಚುರುಕಾಗಿದ್ದರೂ ಫಲ ನಿಲ್ಲುವುದು ಈ ಸ್ಕ್ರಿಪ್ಟಿನ ಮೇಲೆ, ಆದ್ದರಿಂದ ನಾವು ಅತಿ ಹೆಚ್ಚು ಸಮಯ ಕೊಡುವುದೂ ಇದಕ್ಕೇ.

"-ಓ0, -ಓ2 ಉತ್ತರಗಳು ಬೇರೆಬೇರೆ ಇದ್ದರೆ ಸೊನ್ನೆ" ಎಂದಷ್ಟೇ ಬರೆದರೆ ಕಿರಿದಾಗಿ ಬಂದ ಫೈಲ್ ನೋಡಿ ನಿರಾಶೆಯಾಗುವುದು ಖಂಡಿತ. ಸಾಲುಗಳನ್ನು ಅಳಿಸುತ್ತಾ ಹೋದಂತೆ ರಿಟರ್ನ್ ಇಲ್ಲದ ಫಂಕ್ಷನ್, ಬೆಲೆ ಇಲ್ಲದ ವೇರಿಯಬಲ್ ಹುಟ್ಟಿಕೊಳ್ಳುತ್ತವೆ. ಅಲ್ಲಿಯೂ -ಓ0 ಮತ್ತು -ಓ2 ಬೇರೆ ಉತ್ತರ ಕೊಡುತ್ತವೆ, ಆದರೆ ಅದು ನಮ್ಮ ಬಗ್ ಅಲ್ಲ, ಕೆಟ್ಟ ಪ್ರೋಗ್ರಾಂ ಅಷ್ಟೆ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ಕಾವಲುಗಳನ್ನು ಇಡುತ್ತೇವೆ. ಮೊದಲು ಎಚ್ಚರಿಕೆಗಳನ್ನು ಎರರ್ ಮಾಡಿ ಕಂಪೈಲ್ ಮಾಡುವುದು, ಮುಖ್ಯವಾಗಿ ಬೆಲೆ ಇಲ್ಲದ ವೇರಿಯಬಲ್, ರಿಟರ್ನ್ ಇಲ್ಲದಿರುವುದು, ಡಿಕ್ಲೇರ್ ಮಾಡದ ಫಂಕ್ಷನ್ ಕರೆಯುವುದು, ಈ ಮೂರು. ಆಮೇಲೆ ಸ್ಯಾನಿಟೈಸರ್ ಹಾಕಿ ಓಡಿಸಿ, ಅದು ಬಾಯಿಬಿಟ್ಟರೆ ಒಂದು ಕೊಟ್ಟು ಹೊರಬರುವುದು. ಆಮೇಲೆ ಇನ್ನೊಂದು ಕಂಪೈಲರ್‌ನಲ್ಲಿ, ನಾವು ಜಿಸಿಸಿ ಬಳಸುತ್ತೇವೆ, -ಓ0 ಮತ್ತು -ಓ2 ಎರಡರ ಉತ್ತರವೂ ಒಂದೇ ಎಂದು ಖಚಿತಪಡಿಸಿಕೊಳ್ಳುವುದು. ಕೊನೆಗೆ ನಮ್ಮ ಕಂಪೈಲರ್‌ನಲ್ಲಿ -ಓ0 ಅದೇ ಉತ್ತರ ಕೊಡಬೇಕು, -ಓ2 ಮಾತ್ರ ಬೇರೆ ಕೊಡಬೇಕು. ಅಗ್ಗದ ಪರೀಕ್ಷೆ ಮೊದಲು, ದುಬಾರಿಯದು ಕೊನೆಗೆ ಇರಲಿ, ಏಕೆಂದರೆ ಈ ಸ್ಕ್ರಿಪ್ಟ್ ಸಾವಿರಾರು ಸಲ ಓಡುತ್ತದೆ.

ಓಡಿಸುವ ಪ್ರತಿ ಸಾಲಿನ ಮುಂದೆಯೂ ಟೈಮ್‌ಔಟ್ ಇರಬೇಕು. ಲೂಪಿನ ಎಣಿಕೆ ಏರಿಸುವ ಭಾಗ ಅಳಿಸಿಹೋದರೆ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಇನ್ನೊಂದು ವಿಷಯ, ಸಿ-ರೆಡ್ಯೂಸ್ ಪ್ರತಿ ಪ್ರಯತ್ನವನ್ನೂ ಬೇರೆ ತಾತ್ಕಾಲಿಕ ಡೈರೆಕ್ಟರಿಯಲ್ಲಿ, ಹಲವನ್ನು ಒಟ್ಟೊಟ್ಟಿಗೆ ನಡೆಸುತ್ತದೆ. ಕಿರಿದು ಮಾಡುವ ಫೈಲನ್ನು ಬರೀ ಹೆಸರಿನಿಂದ, ಉಳಿದೆಲ್ಲವನ್ನೂ ಪೂರ್ಣ ಪಾತ್‌ನಿಂದ ಕರೆಯಬೇಕು. ಕ್ರ್ಯಾಶ್ ಬಗ್‌ಗಳಿಗಾದರೆ ಸ್ಕ್ರಿಪ್ಟ್ ಅಸರ್ಷನ್ ಸಂದೇಶದ ಪಠ್ಯವನ್ನೇ ಹುಡುಕಬೇಕು. "ಕಂಪೈಲರ್ ಬಿದ್ದಿತೇ" ಎಂದಷ್ಟೇ ಕೇಳಿದರೆ, ದಾರಿಯಲ್ಲಿ ಸಿಕ್ಕ ಬೇರೆ ಯಾವುದೋ ಕ್ರ್ಯಾಶ್‌ಗೆ ಜಾರಿಕೊಂಡು ಅದನ್ನೇ ಕಿರಿದು ಮಾಡಿ ತಂದುಕೊಡುತ್ತದೆ.

ಎಲ್ಲ ಮುಗಿದ ಮೇಲೆ ಉಳಿದದ್ದು ಒಂದೇ ಫಂಕ್ಷನ್. ಅದಕ್ಕೆ ಮೋಡ್, ಎಕ್ಸ್, ಕೆ ಎಂಬ ಮೂರು ಇಂಟಿಜರ್‌ಗಳು ಬರುತ್ತವೆ. ವೈ ಎಂದರೆ ಕೆ ಯ ಕೊನೆಯ ಮೂರು ಬಿಟ್ ಮಾತ್ರ, ಅಂದರೆ 0 ಯಿಂದ 7 ರ ಒಳಗಿನ ಸಂಖ್ಯೆ. ಮೋಡ್ ಸೊನ್ನೆಯಲ್ಲದಿದ್ದರೆ ಮಾತ್ರ ಎಕ್ಸ್ + ವೈ ಯನ್ನು ಸೈನ್ಡ್ ಆಗಿ ಕೂಡಿ ಆರ್‌ನಲ್ಲಿ ಇಡುತ್ತದೆ. ಆಮೇಲೆ, ಮೋಡ್ ಏನೇ ಇರಲಿ, ಅದೇ ಎರಡನ್ನು ಅನ್‌ಸೈನ್ಡ್ ಆಗಿ (ಇಲ್ಲಿ ಉಕ್ಕಿದರೆ ಸುತ್ತಿಕೊಳ್ಳುವುದೇ ನಿಯಮ) ಕೂಡಿ, ಮತ್ತೆ ಸೈನ್ಡ್‌ಗೆ ತಿರುಗಿಸಿ ಡಬ್ಲ್ಯೂ ದಲ್ಲಿ ಇಡುತ್ತದೆ. ಡಬ್ಲ್ಯೂ ಎಕ್ಸ್‌ಗಿಂತ ಕಡಿಮೆಯಿದ್ದರೆ "ಸುತ್ತಿಕೊಂಡಿತು" ಎಂದು ಗುರುತು ಹಾಕುತ್ತದೆ. ಓವರ್‌ಫ್ಲೋ ಆಯಿತೇ ಎಂದು ನೋಡಲು ಎಚ್ಚರದಿಂದ ಬರೆದ ಕೋಡ್ ಇದು, ನಿಯಮದೊಳಗೇ ಇದೆ. ಮೋಡ್ 0, ಎಕ್ಸ್ 2147483647, ಕೆ 1 ಕೊಟ್ಟರೆ ಸೈನ್ಡ್ ಕೂಡಿಕೆ ನಡೆಯುವುದೇ ಇಲ್ಲ. ಅನ್‌ಸೈನ್ಡ್ ಕೂಡಿಕೆ -2147483648 ಆಗುತ್ತದೆ, ಗುರುತು ಬೀಳಬೇಕು. -ಓ2 ದಲ್ಲಿ ಬೀಳುತ್ತಿರಲಿಲ್ಲ, ಹೋಲಿಕೆಯ ಸಾಲೇ ಮಾಯವಾಗಿತ್ತು.

ಇಷ್ಟು ಚಿಕ್ಕ ಉದಾಹರಣೆಯನ್ನು ಉಳಿಸಿಕೊಳ್ಳಲು ಎರಡು ಆಸರೆ ಬೇಕಾದವು. ಫಂಕ್ಷನ್‌ಗೆ ನೋಇನ್‌ಲೈನ್ ಗುರುತು (ಕರೆಯುವ ಜಾಗದೊಳಗೆ ಬೆರೆಸಬೇಡ ಎಂದು), ಮತ್ತು ಕರೆಯುವ ಕಡೆ ಸಂಖ್ಯೆಗಳನ್ನು ವೊಲಟೈಲ್ ವೇರಿಯಬಲ್‌ನಿಂದ (ಬೆಲೆಯನ್ನು ಮೊದಲೇ ಊಹಿಸಬೇಡ ಎಂದು) ಓದುವುದು. ಇಲ್ಲದಿದ್ದರೆ ಕಂಪೈಲರ್ ಎಲ್ಲವನ್ನೂ ಮೊದಲೇ ಲೆಕ್ಕ ಹಾಕಿ ಸರಿಯಾದ ಉತ್ತರವನ್ನೇ ಇಟ್ಟುಬಿಡುತ್ತದೆ, ಬಗ್ ಇರುವ ದಾರಿಗೆ ಹೋಗುವುದೇ ಇಲ್ಲ. ಮಧ್ಯೆ ಒಂದು ಪ್ರಿಂಟ್ ಸಾಲು ಸೇರಿಸಿದರೆ ಬಗ್ ಓಡಿಹೋಗುವುದಕ್ಕೂ ಕಾರಣ ಇಂಥದ್ದೇ. ಹೊಸ ಕರೆಯೊಂದು ಬಂದರೆ ಪಾಸ್‌ಗಳ ಲೆಕ್ಕಾಚಾರ ಬದಲಾಗುತ್ತದೆ.

ಇನ್ನು ಎರಡು ಬಗೆಯ ಬೈಸೆಕ್ಟ್, ಅಂದರೆ ಅರ್ಧಕ್ಕರ್ಧ ಕತ್ತರಿಸುತ್ತಾ ತಪ್ಪಿನ ಜಾಗ ಹುಡುಕುವುದು. ಒಂದು ಕಾಲದ ಮೇಲೆ, ಇನ್ನೊಂದು ಪಾಸ್‌ಗಳ ಮೇಲೆ. ಹಳೆಯ ಆವೃತ್ತಿಯಲ್ಲಿ ಬಗ್ ಇರಲಿಲ್ಲ ಎಂದು ಗೊತ್ತಿದ್ದರೆ ಗಿಟ್ ಬೈಸೆಕ್ಟ್ ರನ್ ಕಮಾಂಡಿಗೆ ಸ್ಕ್ರಿಪ್ಟ್ ಕೊಟ್ಟು ಬಿಡಬಹುದು. ಸಾವಿರ ಕಮಿಟ್‌ಗಳಿದ್ದರೆ (ಕಮಿಟ್ ಎಂದರೆ ಗಿಟ್‌ನಲ್ಲಿ ದಾಖಲಾದ ಕೋಡಿನ ಒಂದು ಬದಲಾವಣೆ) ಸುಮಾರು ಹತ್ತು ಬಿಲ್ಡ್ ಸಾಕು. ಒಂದೊಂದು ಬಿಲ್ಡೂ ಭಾರಿ, ಹಾಗಾಗಿ ಬೇಕಾದ ಒಂದೇ ಪ್ರೊಸೆಸರ್ ಬ್ಯಾಕೆಂಡ್ ಮಾತ್ರ ಆರಿಸಿ, ಸಿಕ್ಯಾಶ್ (ಹಿಂದೆ ಕಂಪೈಲ್ ಆದದ್ದನ್ನು ಮತ್ತೆ ಬಳಸುವ ಸಾಧನ) ಹಚ್ಚಿ, ಕಂಪೈಲರ್ ಬೈನರಿ ಒಂದನ್ನೇ ಕಟ್ಟುತ್ತೇವೆ. ಎಕ್ಸಿಟ್ ಕೋಡ್‌ಗಳ (ಸ್ಕ್ರಿಪ್ಟ್ ಮುಗಿದಾಗ ಕೊಡುವ ಸಂಖ್ಯೆಗಳ) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕಿರಿದು ಮಾಡುವ ಸ್ಕ್ರಿಪ್ಟಿಗೆ ಉಲ್ಟಾ, ಇಲ್ಲಿ ಸೊನ್ನೆ ಎಂದರೆ ಒಳ್ಳೆಯ ಕಮಿಟ್, 1 ರಿಂದ 127 ರವರೆಗೆ ಕೆಟ್ಟದ್ದು, ಅದರಲ್ಲಿ 125 ಮಾತ್ರ "ಇದನ್ನು ಬಿಟ್ಟು ಮುಂದೆ ಹೋಗು". ಬಿಲ್ಡ್ ಒಡೆದ ಕಮಿಟ್‌ಗೆ 125 ಕೊಡದಿದ್ದರೆ ಆ ಅಮಾಯಕ ಕಮಿಟ್ ಮೇಲೆ ಅಪವಾದ ಬರುತ್ತದೆ. 127 ಕ್ಕಿಂತ ಹೆಚ್ಚಾದರೆ ಇಡೀ ಬೈಸೆಕ್ಟ್ ನಿಂತುಬಿಡುತ್ತದೆ. ಸೆಗ್‌ಫಾಲ್ಟ್ ಆದ ಪ್ರೋಗ್ರಾಂ ಶೆಲ್‌ಗೆ ಕೊಡುವುದು 139, ಅದನ್ನು ಹಾಗೇ ದಾಟಿಸಬಾರದು. ಟೈಮ್‌ಔಟ್ ಕಮಾಂಡ್ ಸಮಯ ಮೀರಿದಾಗ ಕೊಡುವುದು 124, ಯಾರೂ ಗಮನಿಸದಿದ್ದರೆ ಅದು "ಕೆಟ್ಟದ್ದು" ಎಂದೇ ಲೆಕ್ಕಕ್ಕೆ ಸೇರುತ್ತದೆ. ಯಂತ್ರದ ಮೇಲೆ ಹೊರೆ ಹೆಚ್ಚಿದ್ದ ಹೊತ್ತಿನಲ್ಲಿ ಇದು ಬೈಸೆಕ್ಟನ್ನು ಪೂರ್ತಿ ದಿಕ್ಕು ತಪ್ಪಿಸಬಲ್ಲದು.

ಬೈಸೆಕ್ಟ್ ತೋರಿದ್ದು ಒಂದು ಸಣ್ಣ ಕಮಿಟ್. ಇಫ್‌ನ ಒಳಗಿರುವ ಅಗ್ಗದ ಲೆಕ್ಕಗಳನ್ನು ಇಫ್‌ನ ಮೇಲಕ್ಕೆ ಎತ್ತಿ, ಎರಡೂ ದಾರಿಗಳಿಗೂ ಮೊದಲೇ ಮಾಡಿಟ್ಟುಕೊಳ್ಳುವ ಪಾಸ್‌ನ ಮಿತಿಯನ್ನು ಅದು ಸಡಿಲಿಸಿತ್ತು. ಆ ಕಮಿಟನ್ನು ಹಿಂದಕ್ಕೆ ತೆಗೆದರೆ ಬಗ್ ಮಾಯ. ಇಲ್ಲಿಯೇ ನಿಂತು ರಿವರ್ಟ್ ಮಾಡೋಣ ಎಂದು ಎಲ್ಲರಿಗೂ ಅನ್ನಿಸುತ್ತದೆ, ಬಿಡುಗಡೆ ಹತ್ತಿರವಿದ್ದರಂತೂ ಇನ್ನೂ ಹೆಚ್ಚು. ಆದರೆ ಒಂದು ಸಂಖ್ಯೆ ಬದಲಿಸಿದ ಕಮಿಟ್ ತಪ್ಪು ಕೋಡನ್ನು ತಾನೇ ಹುಟ್ಟಿಸುವುದು ಅಪರೂಪ. ಮೊದಲೇ ಮಲಗಿದ್ದ ಬಗ್‌ಗೆ ದಾರಿ ಬಿಟ್ಟುಕೊಟ್ಟಿರುವುದೇ ಹೆಚ್ಚು.

ಪಾಸ್‌ಗಳ ಮೇಲಿನ ಬೈಸೆಕ್ಟ್‌ಗೆ ಎಲ್‌ಎಲ್‌ವಿಎಂನಲ್ಲಿ ಆಪ್ಟ್-ಬೈಸೆಕ್ಟ್-ಲಿಮಿಟ್ ಎಂಬ ಆಯ್ಕೆ ಇದೆ. -1 ಕೊಟ್ಟರೆ ಓಡಿದ ಪ್ರತಿ ಪಾಸ್‌ಗೂ ಒಂದು ಕ್ರಮಸಂಖ್ಯೆ ಬರೆದು ತೋರಿಸುತ್ತದೆ. ಬೇರೆ ಸಂಖ್ಯೆ ಕೊಟ್ಟರೆ ಅಲ್ಲಿಯವರೆಗಿನ ಪಾಸ್‌ಗಳನ್ನು ಮಾತ್ರ ಓಡಿಸಿ, ಬಿಡಬಹುದಾದ ಉಳಿದವನ್ನೆಲ್ಲ ಬಿಡುತ್ತದೆ. ಹದಿನಾರು ಸಾವಿರ ಹೆಜ್ಜೆ ಇದ್ದರೂ ಅರ್ಧಕ್ಕರ್ಧ ಕತ್ತರಿಸುತ್ತಾ ಹೋದರೆ ಹದಿನಾಲ್ಕು ಸಲದಲ್ಲಿ ಉತ್ತರ. ಜಿಸಿಸಿಯಲ್ಲಿ ಇದಕ್ಕೆ ಹತ್ತಿರದ್ದು -ಎಫ್‌ಡಿಬಿಜಿ-ಸಿಎನ್‌ಟಿ. ನಮ್ಮ ಹುಡುಕಾಟ ನಿಂತದ್ದು ಹೋಲಿಕೆಗಳನ್ನು ಸರಳ ಮಾಡುವ ಪಾಸ್ ಮೇಲೆ. ಅದಕ್ಕಿಂತ ಒಂದು ಹೆಜ್ಜೆ ಮೊದಲು ನಿಲ್ಲಿಸಿದರೆ ಉತ್ತರ ಸರಿ, ಅದನ್ನು ಸೇರಿಸಿದರೆ ತಪ್ಪು. ಅಂದರೆ ಕಮಿಟ್ ಬೈಸೆಕ್ಟ್ ಒಂದು ಪಾಸ್ ತೋರಿಸಿತು, ಪಾಸ್ ಬೈಸೆಕ್ಟ್ ಇನ್ನೊಂದನ್ನು ತೋರಿಸಿತು. ಎರಡು ಉಪಕರಣಗಳು ಹೀಗೆ ಬೇರೆ ದಿಕ್ಕಿಗೆ ಬೆರಳು ಮಾಡಿದರೆ ಸಂತೋಷಪಡಬೇಕು, ಏಕೆಂದರೆ ಬಗ್ ಹೆಚ್ಚಾಗಿ ಇವೆರಡರ ನಡುವೆ ಇರುತ್ತದೆ.

ಇನ್ನು ಉಪಾಯ ಒಂದೇ, ಆ ಫಂಕ್ಷನ್ನಿನ ಮಧ್ಯಂತರ ರೂಪವನ್ನು (ಸಿ ಗೂ ಯಂತ್ರದ ಕೋಡಿಗೂ ನಡುವೆ ಕಂಪೈಲರ್ ಬಳಸುವ ರೂಪವನ್ನು) ಪ್ರತಿ ಪಾಸ್ ಆದ ಮೇಲೂ ಬರೆಸಿಕೊಂಡು ಓದುವುದು. ಬದಲಾದಾಗ ಮಾತ್ರ ಬರೆಸುವ ಆಯ್ಕೆಯೂ ಇದೆ, ಫಂಕ್ಷನ್ ಹೆಸರಿನಿಂದ ಸೋಸುವ ಆಯ್ಕೆಯೂ ಇದೆ. ಎರಡನ್ನೂ ಹಾಕಿದರೆ ಓದಬೇಕಾದದ್ದು ಕೆಲವೇ ಪುಟ. ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ "ಇಲ್ಲಿ ಉತ್ತರ ಬದಲಾಯಿತೇ" ಎಂಬುದಲ್ಲ, "ಮೊದಲಿನ ಪ್ರೋಗ್ರಾಂ ಹೇಳದೇ ಇದ್ದ ಮಾತನ್ನು ಹೊಸ ಪ್ರೋಗ್ರಾಂ ಹೇಳುತ್ತಿದೆಯೇ" ಎಂಬುದು.

ಮೂರು ಹೆಜ್ಜೆಗಳು ಸ್ಪಷ್ಟವಾಗಿ ಕಂಡವು. ಮೊದಲನೆಯದು, ಇಫ್‌ನ ಒಳಗಿದ್ದ ಸೈನ್ಡ್ ಕೂಡಿಕೆ ಮೇಲಕ್ಕೆ ಬಂತು. ಅದರ ಮೇಲೆ ಎನ್‌ಎಸ್‌ಡಬ್ಲ್ಯೂ ಎಂಬ ಫ್ಲ್ಯಾಗ್ ಇದೆ, "ಇದು ಸೈನ್ಡ್ ಆಗಿ ಉಕ್ಕುವುದಿಲ್ಲ" ಎಂಬ ಮಾತು. ಎಲ್‌ಎಲ್‌ವಿಎಂನಲ್ಲಿ ಆ ಮಾತು ಸುಳ್ಳಾದರೆ ಪ್ರೋಗ್ರಾಂ ಅಲ್ಲೇ ಕೆಡುವುದಿಲ್ಲ, ಆ ಬೆಲೆ ಪಾಯ್ಸನ್, ಅಂದರೆ ನಂಬಲಾಗದ ಬೆಲೆ, ಆಗುತ್ತದೆ, ಯಾರಾದರೂ ಅದರ ಮೇಲೆ ನಿರ್ಧಾರ ತೆಗೆದುಕೊಂಡಾಗಲೇ ಕೇಡು. ಮೋಡ್ ಸೊನ್ನೆಯಾಗಿದ್ದರೆ ಆ ಬೆಲೆಯನ್ನು ಯಾರೂ ಆರಿಸುವುದಿಲ್ಲ. ಹಾಗಾಗಿ ಮೇಲೆತ್ತಿದ್ದು ಪೂರ್ತಿ ಸರಿ. ಎರಡನೆಯದು, ಸಮಾನ ಲೆಕ್ಕಗಳನ್ನು ಒಂದು ಮಾಡುವ ಪಾಸ್ ಬಂತು. ಕೆಳಗಿನ ಅನ್‌ಸೈನ್ಡ್ ಕೂಡಿಕೆಗೆ ಫ್ಲ್ಯಾಗ್ ಇಲ್ಲ, ಆದರೆ ಮಧ್ಯಂತರ ರೂಪದಲ್ಲಿ ಎರಡೂ 32 ಬಿಟ್‌ನ ಒಂದೇ ಕೂಡಿಕೆ. ಕೆಳಗಿನದನ್ನು ತೆಗೆದು ಮೇಲಿನದನ್ನೇ ಬಳಸಿತು, ಫ್ಲ್ಯಾಗ್ ಹಾಗೇ ಉಳಿಯಿತು. ಮೂರನೆಯದು, ಹೋಲಿಕೆ ಸರಳ ಮಾಡುವ ಪಾಸ್. ವೈ ಸೊನ್ನೆಗಿಂತ ಕಡಿಮೆಯಲ್ಲ, ಕೂಡಿಕೆ ಉಕ್ಕುವುದಿಲ್ಲ ಎಂದು ಬರೆದಿದೆ, ಹಾಗಾದರೆ ಮೊತ್ತ ಎಕ್ಸ್‌ಗಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲ. ತನ್ನ ಮುಂದಿದ್ದ ಮಾಹಿತಿಗೆ ಅದು ಸರಿಯಾಗಿಯೇ ನಡೆದುಕೊಂಡಿತು.

ತಪ್ಪು ಎರಡನೆಯದರದ್ದು. ಯಾರೂ ಬಳಸದ ಬೆಲೆಯ ಮೇಲಿದ್ದ ಮಾತನ್ನು, ಎಲ್ಲರೂ ಬಳಸುವ ಬೆಲೆಯ ಮೇಲೆ ಹಾಕಿತು. ಎರಡು ಲೆಕ್ಕಗಳನ್ನು ಒಂದು ಮಾಡುವಾಗ ಎರಡರಲ್ಲೂ ಇದ್ದ ಫ್ಲ್ಯಾಗ್ ಮಾತ್ರ ಉಳಿಯಬೇಕು.

ಇದನ್ನು ಓದಿ ಒಪ್ಪಿಕೊಂಡರೆ ಸಾಲದು, ಅಲೈವ್2 ಕೈಯಲ್ಲಿ ಹೇಳಿಸುತ್ತೇವೆ. ಒಂದು ಪಾಸ್‌ಗೆ ಮೊದಲಿನ ರೂಪ, ನಂತರದ ರೂಪ ಎರಡನ್ನೂ ಕೊಟ್ಟರೆ ಬದಲಾವಣೆ ಎಲ್ಲ ಇನ್‌ಪುಟ್‌ಗೂ ಸರಿಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಯಾವ ಇನ್‌ಪುಟ್‌ಗೆ ಕೆಟ್ಟಿತು ಎಂದು ತೋರಿಸುತ್ತದೆ. 32 ಬಿಟ್ ಬದಲು 8 ಬಿಟ್‌ಗೆ ಇಳಿಸಿ ಕೊಡುವುದು ಒಳ್ಳೆಯದು. 127 ಮತ್ತು 1 ನ್ನು ಕೂಡಿದರೆ -128 ಎಂಬುದು ಕಣ್ಣಿಗೆ ಕೂಡಲೇ ಹೊಳೆಯುತ್ತದೆ, ಗುಣಾಕಾರ ಭಾಗಾಕಾರ ಇದ್ದರೆ ಪರೀಕ್ಷೆಯೂ ಬೇಗ ಮುಗಿಯುತ್ತದೆ. ಮೊದಲ ಹೆಜ್ಜೆಗೂ ಮೂರನೆಯದಕ್ಕೂ ಸರಿ ಎಂದಿತು, ಎರಡನೆಯದಕ್ಕೆ ತಪ್ಪು ಎಂದಿತು: ಮೊದಲು -128 ಇದ್ದದ್ದು ನಂತರ ಪಾಯ್ಸನ್. ಮಧ್ಯಂತರ ರೂಪವನ್ನು ಪ್ರತಿ ಪಾಸ್ ನಂತರ ಪರೀಕ್ಷಿಸುವ ವೆರಿಫೈ-ಈಚ್ ಆಯ್ಕೆಯಿಂದ ಇದು ಸಿಗುವುದಿಲ್ಲ, ಅದು ರಚನೆ ಸರಿಯಿದೆಯೇ ಎಂದು ಮಾತ್ರ ನೋಡುತ್ತದೆ, ಅರ್ಥವನ್ನಲ್ಲ.

ಸರಿಪಡಿಸುವ ಜಾಗಗಳು ಮೂರಿದ್ದವು, ಮೂರರಲ್ಲಿ ಎಲ್ಲಿ ಮುಟ್ಟಿದರೂ ಈ ಟೆಸ್ಟ್ ಸರಿಹೋಗುತ್ತಿತ್ತು. ಮೇಲೆತ್ತುವಾಗಲೇ ಫ್ಲ್ಯಾಗ್ ತೆಗೆದುಬಿಟ್ಟರೆ ಬಗ್ ಕಾಣುವುದಿಲ್ಲ, ಆದರೆ ಬೇರೆ ಯಾವ ಪಾಸ್ ಆ ಕೂಡಿಕೆಯನ್ನು ಮೇಲೆತ್ತಿದರೂ ಮತ್ತೆ ಬರುತ್ತದೆ, ಜೊತೆಗೆ ಲೂಪ್‌ಗಳ ಆಪ್ಟಿಮೈಸೇಶನ್‌ಗೆ ಬೇಕಾದ ಮಾಹಿತಿ ಸುಮ್ಮನೆ ಹಾಳು. ಹೋಲಿಕೆಯ ಪಾಸ್‌ನಲ್ಲಿ ಅಡ್ಡಗಾಲು ಹಾಕಿದರೆ ಸರಿಯಾದ ಕೋಡೂ ನಿಧಾನವಾಗುತ್ತದೆ. ಒಂದು ಮಾಡುವ ಪಾಸ್‌ನ ಕೋಡ್ ತೆರೆದರೆ ಒಂದೇ ಬ್ಲಾಕಿನೊಳಗಿನ (ನಡುವೆ ಕವಲಿಲ್ಲದ ಕೋಡಿನ ತುಂಡಿನೊಳಗಿನ) ಜೋಡಿಗಳಿಗೆ ಫ್ಲ್ಯಾಗ್‌ಗಳ ತಾಳೆ ಇತ್ತು, ಬೇರೆ ಬ್ಲಾಕಿನಲ್ಲಿರುವ ಜೋಡಿಗಳ ದಾರಿಯಲ್ಲಿ ಇರಲಿಲ್ಲ. ಪ್ಯಾಚ್ ಬಂದದ್ದು ಕೆಲವೇ ಸಾಲು, ಎರಡೂ ದಾರಿ ಒಂದೇ ಸಹಾಯಕ ಫಂಕ್ಷನ್ ಕರೆಯುವಂತೆ.

ಹೀಗೆ ಒಂದು ಸಿಕ್ಕಿದಾಗ ಅದರ ಅಣ್ಣತಮ್ಮಂದಿರನ್ನು ಹುಡುಕದೆ ಬಿಡಬಾರದು. ಅನ್‌ಸೈನ್ಡ್ ಉಕ್ಕುವುದಿಲ್ಲ ಎಂಬ ಫ್ಲ್ಯಾಗ್, ಭಾಗಾಕಾರದಲ್ಲಿ ಶೇಷ ಉಳಿಯುವುದಿಲ್ಲ ಎಂಬುದು, ಪಾಯಿಂಟರ್ ಲೆಕ್ಕ ವಸ್ತುವಿನ ಒಳಗೇ ಇದೆ ಎಂಬುದು, ದಶಮಾಂಶ ಲೆಕ್ಕಗಳ ಫಾಸ್ಟ್-ಮ್ಯಾತ್ ಫ್ಲ್ಯಾಗ್‌ಗಳು, ಮೆಮೊರಿಯಿಂದ ಓದುವಾಗ ಅಂಟಿಸಿದ ರೇಂಜ್ ಮಾಹಿತಿ. ಇವೆಲ್ಲವೂ ಇದೇ ದಾರಿಯಲ್ಲಿ ಹೋಗುತ್ತವೆ, ಎಲ್ಲಕ್ಕೂ ಒಂದೊಂದು ಟೆಸ್ಟ್ ಬರೆದು ನೋಡಬೇಕು.

ಟೆಸ್ಟನ್ನು ಸಿ ಭಾಷೆಯಲ್ಲಿ ಬರೆದು ಇಡೀ -ಓ2 ಓಡಿಸುವುದು ಬೇಡ. ನಾಳೆ ಪಾಸ್‌ಗಳ ಕ್ರಮ ಬದಲಾದರೆ ಆ ಟೆಸ್ಟ್ ಏನನ್ನೂ ಪರೀಕ್ಷಿಸದೆ ಹಸಿರು ತೋರಿಸುತ್ತಲೇ ಇರುತ್ತದೆ. ಕೆಟ್ಟ ಪಾಸ್‌ಗೆ ಸ್ವಲ್ಪ ಮೊದಲಿನ ಮಧ್ಯಂತರ ರೂಪವನ್ನು ತೆಗೆದು, ಎಲ್‌ಎಲ್‌ವಿಎಂ-ರೆಡ್ಯೂಸ್‌ನಿಂದ ಇನ್ನಷ್ಟು ಕಿರಿದು ಮಾಡಿ, ಆ ಒಂದು ಪಾಸ್ ಮಾತ್ರ ಓಡಿಸಿ, ಔಟ್‌ಪುಟ್‌ನ ಸಾಲುಗಳನ್ನು ತಾಳೆ ನೋಡುವ ಫೈಲ್‌ಚೆಕ್‌ನಿಂದ ಫ್ಲ್ಯಾಗ್ ಹೋಗಿದೆಯೇ ಎಂದು ನೋಡುತ್ತೇವೆ. ಜೊತೆಗೆ ಎರಡೂ ಕೂಡಿಕೆಗಳಲ್ಲಿ ಫ್ಲ್ಯಾಗ್ ಇದ್ದಾಗ ಅದು ಉಳಿದಿದೆಯೇ ಎಂಬ ಟೆಸ್ಟೂ ಬೇಕು. ಇಲ್ಲದಿದ್ದರೆ ಫ್ಲ್ಯಾಗ್‌ಗಳನ್ನೆಲ್ಲ ಕಣ್ಣುಮುಚ್ಚಿ ಕಿತ್ತುಹಾಕುವ ಪ್ಯಾಚ್ ಕೂಡ ಪರೀಕ್ಷೆ ದಾಟುತ್ತದೆ. ಪ್ಯಾಚ್ ಇಲ್ಲದೆ ಟೆಸ್ಟ್ ಬೀಳುತ್ತದೆ ಎಂಬುದನ್ನು ಓಡಿಸಿಯೇ ಖಚಿತಪಡಿಸಿಕೊಳ್ಳಬೇಕು.

ಆಮೇಲೆ ಪೂರ್ತಿ ಟೆಸ್ಟ್ ಸೂಟ್, ಮತ್ತು ಕಂಪೈಲರಿನಿಂದಲೇ ಕಂಪೈಲರನ್ನು ಕಟ್ಟುವುದು. ಜಿಸಿಸಿಯ ಮೂರು ಹಂತದ ಬೂಟ್‌ಸ್ಟ್ರ್ಯಾಪ್‌ನಂತೆ, ಎರಡನೇ ಹಂತದ ಮತ್ತು ಮೂರನೇ ಹಂತದ ಆಬ್ಜೆಕ್ಟ್ ಫೈಲ್‌ಗಳನ್ನು ಹೋಲಿಸುತ್ತೇವೆ, ಒಂದೇ ಆಗಿರಬೇಕು. ಬೇರೆಯಾದರೆ ತಪ್ಪು ಕೋಡ್ ಇರಬಹುದು, ಅಥವಾ ಪಾಯಿಂಟರ್ ವಿಳಾಸದ ಮೇಲೆ ಹ್ಯಾಶ್ ಮಾಡಿದ ಪಟ್ಟಿಯನ್ನು ಯಾರೋ ಕ್ರಮವಾಗಿ ಓದುತ್ತಿರಬಹುದು, ಓಟದಿಂದ ಓಟಕ್ಕೆ ವಿಳಾಸ ಬದಲಾದಂತೆ ಔಟ್‌ಪುಟ್ ಬದಲಾಗುತ್ತದೆ. ಅಂಥ ಸಂಶಯ ಬಂದಾಗ ಸೆಟ್‌ಆರ್ಚ್ -ಆರ್ ಹಾಕಿ ವಿಳಾಸಗಳ ಅದಲುಬದಲು ನಿಲ್ಲಿಸಿ ನೋಡುವುದು.

ಸಿಸ್ಮಿತ್ ಕೂಡ ಓಡಿಸುತ್ತೇವೆ. ನಿಯಮ ಮುರಿಯದ ಸಿ ಪ್ರೋಗ್ರಾಂಗಳನ್ನು ತಾನೇ ಹುಟ್ಟಿಸಿ, ಕೊನೆಗೆ ಗ್ಲೋಬಲ್ ವೇರಿಯಬಲ್‌ಗಳ ಚೆಕ್‌ಸಮ್ ಮುದ್ರಿಸುತ್ತದೆ. ಬೇರೆಬೇರೆ ಕಂಪೈಲರ್‌ಗಳು ಬೇರೆ ಚೆಕ್‌ಸಮ್ ಕೊಟ್ಟರೆ ಯಾವುದೋ ಒಂದು ತಪ್ಪು. 2011 ರಲ್ಲಿ ಅದನ್ನು ಪ್ರಕಟಿಸಿದವರು ಅಲ್ಲಿಯವರೆಗಿನ ಮೂರು ವರ್ಷಗಳಲ್ಲಿ ಕಂಪೈಲರ್‌ಗಳಲ್ಲಿ 325 ಕ್ಕೂ ಹೆಚ್ಚು ಬಗ್ ವರದಿ ಮಾಡಿದ್ದರು. ಗಣಿತದ ಪುರಾವೆಯೊಂದಿಗೆ ಕಟ್ಟಿದ ಕಾಂಪ್‌ಸರ್ಟ್‌ನ ಪುರಾವೆ ಇರುವ ಭಾಗಗಳಲ್ಲಿ ಮಾತ್ರ ತಪ್ಪು ಕೋಡ್ ಸಿಗಲಿಲ್ಲ. ನಮಗೆ ಅಂಥ ಪುರಾವೆಯ ಭಾಗ್ಯ ಇಲ್ಲ, ಆದ್ದರಿಂದ ಪ್ಯಾಚ್ ಹೋದ ಮೇಲೂ ಈ ಓಟ ನಡೆಯುತ್ತಲೇ ಇರುತ್ತದೆ.

ಬಿಡುಗಡೆಯಾದ ಆವೃತ್ತಿಗಳ ಶಾಖೆಗಳಿಗೂ ಪ್ಯಾಚ್ ಒಯ್ಯಬೇಕು. ಮಿತಿ ಸಡಿಲಿಸಿದ ಕಮಿಟ್ ಇಲ್ಲದ ಹಳೆಯ ಶಾಖೆಗೂ ಒಯ್ಯುತ್ತೇವೆ, ಬಗ್ ಅಲ್ಲಿಯೂ ಇದೆ, ಅದನ್ನು ಹೊರತರುವ ಪ್ರೋಗ್ರಾಂ ಇನ್ನೂ ಸಿಕ್ಕಿಲ್ಲ ಅಷ್ಟೆ. ದೂರು ಕೊಟ್ಟವರಿಗೆ ಬರೆಯುವ ಉತ್ತರದಲ್ಲಿ ಯಾವ ಆವೃತ್ತಿಯಿಂದ ಯಾವ ಆವೃತ್ತಿಯವರೆಗೆ ಈ ತಪ್ಪು ಇದೆ, ಯಾವುದರಲ್ಲಿ ಸರಿಹೋಗುತ್ತದೆ, ಅಲ್ಲಿಯವರೆಗೆ ಆ ಒಂದು ಫೈಲನ್ನು ಮಾತ್ರ -ಎಫ್‌ರ್ಯಾಪ್‌ವಿ ಹಾಕಿ ಕಂಪೈಲ್ ಮಾಡಿಕೊಳ್ಳಬಹುದು, ಪ್ರೋಗ್ರಾಂನಲ್ಲಿ ತಪ್ಪಿಲ್ಲ ಎಂಬ ನಾಲ್ಕೂ ಇರಬೇಕು.